ಲೈನರ್ ಇಲ್ಲದೆ ಹಿಡಿದ ಬ್ರೇಕು

ಗಾಡಿಗೂ ಮನಸ್ಸಿದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಬ್ರೇಕ್ ಬಿಗಿದುಕೊಂಡರೆ ಒಂದೋ ರಬ್ಬರ್ ಹೋಸ್ ಊದಿರುತ್ತದೆ, ಇಲ್ಲವೇ ಸಿಲಿಂಡರ್ ತುಕ್ಕು ಹಿಡಿದಿರುತ್ತದೆ. ಇದರಲ್ಲಿ ಮನಸ್ಸೆಲ್ಲಿಂದ ಬಂತು? ಪೀಣ್ಯದ ನನ್ನ ಗ್ಯಾರೇಜಿಗೆ ಆ ಹಳೆಯ ಕ್ಯಾರವಾನ್ ಬರುವವರೆಗೂ ಹಾಗೇ ಅಂದುಕೊಂಡಿದ್ದೆ.

ಅದು ಶೂಟಿಂಗುಗಳಿಗೆ ಬಾಡಿಗೆಗೆ ಹೋಗುತ್ತಿದ್ದ, ಮಂಚ, ಒಲೆ ಎಲ್ಲ ಇದ್ದ ಬಸ್ಸು. ಮಾಲೀಕ ಮುನಿರಾಜು. ನನ್ನ ಗ್ಯಾರೇಜಿನ ಶೆಡ್ಡೂ ಅವನದೇ. ಬಾಗಲಕೋಟೆ ಕಡೆಯ ಡ್ರೈವರ್ ಬಸಪ್ಪ ವರ್ಷಗಟ್ಟಲೆ ಆ ಗಾಡಿಯನ್ನೇ ಮನೆ ಮಾಡಿಕೊಂಡಿದ್ದ. ತನ್ನ ಅಳಿಯನನ್ನು ಡ್ರೈವರಾಗಿ ಕೂರಿಸಬೇಕೆಂದು ಮುನಿರಾಜು ಅವನನ್ನು ಕೆಲಸದಿಂದ ಓಡಿಸಿದ. ಮರುದಿನವೇ ಚಕ್ರಗಳು ಬಿಗಿದುಕೊಂಡವು.

"ಸಾಯಂಕಾಲ್ದೊಳ್ಗೆ ಗಾಡಿ ಓಡ್ಬೇಕು. ಇಲ್ಲಾಂದ್ರೆ ಶೆಡ್ ಖಾಲಿ ಮಾಡು," ಎಂದು ಮುನಿರಾಜು, ಗಾಡಿಯನ್ನು ಕ್ರೇನಿನಲ್ಲಿ ಎತ್ತಿಸಿ ತಂದು ಬಿಟ್ಟು, ನನಗೆ ಹೇಳಿ ಹೋದ. ಎಂಥ ಸೊಕ್ಕು! ಆದರೆ ನನಗೆ ಬೇರೆ ಜಾಗವಿರಲಿಲ್ಲ. ಹೋಸ್, ಸಿಲಿಂಡರ್ ಎಲ್ಲ ಬದಲಿಸಿದೆ, ಚಕ್ರ ಅಲುಗಲಿಲ್ಲ. ತಪ್ಪು ಬ್ರೇಕಿನದೋ ಬೇರಿಂಗಿನದೋ ನೋಡೋಣವೆಂದು ಎಲ್ಲ ಚಕ್ರಗಳಲ್ಲೂ ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಲೈನರ್ ಬಿಚ್ಚಿ ತಟ್ಟೆಯಲ್ಲಿಟ್ಟು, ಬರೀ ಡ್ರಮ್ಮು, ಚಕ್ರ ಹಾಕಿದೆ. ಈಗ ಕೈಯಲ್ಲಿ ತಳ್ಳಿದರೆ ಸಲೀಸಾಗಿ ತಿರುಗಿದವು. ಜಾಕ್ ಇಳಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಶೆಡ್ಡಿನ ನೆಲ ಗೇಟಿನ ಕಡೆಗೆ ಇಳಿಜಾರು.

ಆಗಲೇ ಬಸಪ್ಪ ತನ್ನ ಹಾಸಿಗೆ ಒಯ್ಯಲು ಬಂದ. ಅವನ ಬೆನ್ನಿಗೇ ಮುನಿರಾಜು.

"ಏನ್ಲಾ, ನನ್ ಗಾಡಿಗೆ ಮಾಟ ಮಾಡ್ಸಿದ್ಯಾ?" ಎಂದವನೇ ಬಸಪ್ಪನ ಕೆನ್ನೆಗೆ ಬಾರಿಸಿದ.

"ಲೈನರ್ ಬಿಚ್ಚಿದ್ದೀನಿ ಸಾರ್, ಮುಂದೆ ನಿಲ್ಬೇಡಿ," ಎಂದೆ. ಅವನು ಕೇಳುವ ಆಸಾಮಿಯೇ? "ಬೆಳಗ್ಗಿಂದ ಅಲ್ಲಾಡ್ದಿದ್ದು ಈಗ ಅಲ್ಲಾಡ್ತದಾ?" ಎಂದು ನನ್ನ ಸುತ್ತಿಗೆ ಎತ್ತಿಕೊಂಡು ಕಲ್ಲಿಗೆ ಹೊಡೆದ. ಕಲ್ಲು ಹಾರಿತು. ಗಾಡಿ ಅವನ ಕಡೆಗೇ ಉರುಳಿತು. ಹಿಂದೆ ಸರಿದವನ ಬೆನ್ನಿಗೆ ಗೇಟಿನ ಕಂಬ.

"ನಿಲ್ಲಬೇ ಯವ್ವಾ!" ಎಂದು ಬಸಪ್ಪ ಗಾಡಿಯತ್ತ ಚೀರಿದ.

ಮುನಿರಾಜುವಿನ ಎದೆಗೆ ಒಂದು ಗೇಣು ಇರುವಾಗ ಗಾಡಿ ನಿಂತಿತು. ಲೈನರ್ ಸುಟ್ಟ ವಾಸನೆ ಶೆಡ್ಡೆಲ್ಲ ತುಂಬಿತು. ನಿಜ ಹೇಳುತ್ತೇನೆ, ಅದು ನಿಂತಾಗ ನನಗೆ ಸಮಾಧಾನವಾಗಲಿಲ್ಲ, ಹೊಟ್ಟೆ ಉರಿಯಿತು.

"ಅದಕ್ಕ ಸಿಟ್ಟು ಬರತೈತ್ರೀ. ಆದ್ರ ಕೊಲ್ಲಂಗಿಲ್ಲ," ಎಂದು ಬಸಪ್ಪ ಹಾಸಿಗೆ ಹೊತ್ತು ಹೋದ.

ಡ್ರಮ್ ಮುಟ್ಟಿದರೆ ಬೆರಳು ಸುಟ್ಟಿತು. ಬಿಚ್ಚಿದರೆ ಒಳಗೆ ಖಾಲಿ. ಲೈನರ್‌ಗಳು ತಟ್ಟೆಯಲ್ಲೇ ತಣ್ಣಗೆ ಬಿದ್ದಿದ್ದವು.

ಸಂಜೆಗೆ ಮುನಿರಾಜು ನನ್ನ ಸಾಮಾನನ್ನೆಲ್ಲ ರಸ್ತೆಗೆ ಹಾಕಿಸಿದ. ಈಗಲೂ ನಾನು ಬ್ರೇಕ್ ಕೆಲಸವೇ ಮಾಡುತ್ತೇನೆ, ಬೇರೆಯವರ ಗ್ಯಾರೇಜಿನಲ್ಲಿ. ಅದು ಹೇಗೆ ನಿಂತಿತು ಎನ್ನುವುದು ನನಗೆ ಗೊತ್ತಿಲ್ಲ. ಅಂಥವನಿಗೋಸ್ಕರ ಯಾಕೆ ನಿಂತಿತು ಎನ್ನುವುದಂತೂ ಇನ್ನೂ ಗೊತ್ತಿಲ್ಲ.