ಯಾವ ಮದ್ದು?

ಪಾಪನಿಗೆ ಕಳೆದ ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದು ಹೊಡೆದ ಕೂಲಿ ಇನ್ನೂ ಬಂದಿಲ್ಲ. ಅವನ ಹೆಂಡತಿ ಮುದ್ದಿ ಕೇಳಿದಾಗಲೆಲ್ಲ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೊಣ್ಣಪ್ಪ, "ಆಸ್ಪತ್ರೆಗೆ ಜೀಪು ಕೊಟ್ಟದ್ದು ಯಾರು ಮತ್ತೆ?" ಅನ್ನುತ್ತಾನೆ. ಜೀಪಿನ ಕಥೆ ಇರಲಿ. ಮೊದಲು ಮದ್ದಿನದು.

ತಿತಿಮತಿಯ ಆಚೆ, ಕಾಡಿಗೆ ತಾಗಿದ ಕಾಫಿ ತೋಟದ ಕೂಲಿ ಲೈನಿನಲ್ಲಿ ಮುದ್ದಿಯ ಮನೆ. ಮದುವೆಯಾಗಿ ಬಂದಾಗಿನಿಂದ ಅದೇ ಕೋಣೆ, ಅದೇ ಸೋರುವ ಶೀಟು. ಅವಳ ಬಾಯಿ ಜೋರು. ರೈಟರ್ ಹಾಜರಿ ತಪ್ಪಿಸಿದರೆ ಕಾಫಿ ಒಣಗಿಸುವ ಕಣದಲ್ಲೇ ನಿಂತು ಜಗಳ ತೆಗೆಯುತ್ತಾಳೆ. ಲೈನಿನ ನಲ್ಲಿಗೆ ನೀರು ಬರುವುದು ಚುನಾವಣೆಯ ಹೊತ್ತಿಗೆ. ಉಳಿದಂತೆ ಪಕ್ಕದಲ್ಲಿ ಹರಿಯುವ ತೋಡಿನ ನೀರೇ ಗತಿ. ಮೇಲಿನ ತೋಟದ ಕಳೆಮದ್ದು ಇಳಿಯುವುದೂ ಅದೇ ತೋಡಿಗೆ. ಏಡಿಗಳು ಸತ್ತು ಹೊಟ್ಟೆ ಮೇಲಾಗಿ ತೇಲಿದರೆ, "ಮಳೆಗೆ ಸತ್ತವು" ಅನ್ನುತ್ತಾರೆ. ಮಳೆಗೆ ಏಡಿ ಸಾಯುತ್ತದಂತೆ!

ಕೊಡಗಿನಲ್ಲಿ ಡಾಕ್ಟರು ಕೊಡುವುದೂ ಮದ್ದು, ಕಳೆಗೆ ಹೊಡೆಯುವುದೂ ಮದ್ದು. ಇನ್ನೊಂದು, ಕಕ್ಕಡ ಹದಿನೆಂಟರಂದು ಪಾಯಸ ಮಾಡುವ ಮದ್ದುಸೊಪ್ಪು. ಅದನ್ನು ತಿಂದವರ ಉಚ್ಚೆ ಮರುದಿನ ಕೆಂಪಾಗುತ್ತದೆ. ಮದ್ದು ಮೈಗೆ ಹತ್ತಿತು ಎಂದು ಹೇಳಿಕೊಂಡು ನಗುತ್ತಾರೆ.

ಕಳೆದ ವರ್ಷ ಮಳೆ ಬಿಡುವು ಕೊಟ್ಟ ವಾರ ಪಾಪ ಕಳೆಮದ್ದು ಹೊಡೆದ. ಬೆನ್ನಿನ ಪಂಪು ಸೋರಿ ಸೋರಿ ಅಂಗಿ ಚರ್ಮಕ್ಕೆ ಅಂಟಿತ್ತು. ಕೈಗವಸು ಕೇಳಿದ್ದಕ್ಕೆ ಮೊಣ್ಣಪ್ಪ, "ನೀನೇನು ಮದುಮಗನಾ?" ಅಂದಿದ್ದ. ಕಕ್ಕಡ ಹದಿನೆಂಟಕ್ಕೆ ತೋಟದ ಸಾವ್ಕಾರರ ಮನೆಯಿಂದ ಬಕೆಟಿನಲ್ಲಿ ಪಾಯಸ ಬಂತು. ಮರುದಿನ ಪಾಪ ಮನೆಯ ಹಿಂದಿನಿಂದಲೇ ಕೂಗಿದ: "ಮುದ್ದೀ, ಕೆಂಪು!"

"ಸಾವ್ಕಾರ್ರ ಪಾಯಸ ಅಲ್ವಾ, ಬಣ್ಣ ಬಿಡದೆ ಇರುತ್ತಾ?" ಎಂದು ಮುದ್ದಿಯೇ ನಕ್ಕಳು.

ಮರುದಿನವೂ ಕೆಂಪು. ಆಮೇಲೆ ಕರಿಕಾಪಿಯ ಬಣ್ಣ, ಸೊಂಟನೋವು, ವಾಂತಿ. ನಗು ನಿಂತಿತು. ಗಂಡನನ್ನು ನಡೆಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು. ಹಳೇ ಡಾಕ್ಟರು ವರ್ಗವಾಗಿ ಹೋದ ಮೇಲೆ ಅವರ ಕುರ್ಚಿಯ ಮೇಲೆ ಪೋಲಿಯೊ ಡಬ್ಬ ಕೂತಿದೆ. ಇದ್ದವಳು ಸಿಸ್ಟರ್ ಸ್ಪಂದನಾ ಒಬ್ಬಳೇ, ಕಾಲಿಡೀ ಕೆಸರು, ಹೊರಗೆ ಸಾಲು ಜನ.

"ಮದ್ದು ಏನಾದ್ರೂ ತಗೊಂಡಿದ್ರಾ ಮುದ್ದಕ್ಕ?"

"ಮದ್ದು ಹೊಡೆದ ಸಿಸ್ಟರಮ್ಮ. ವಾರ ಇಡೀ ಹೊಡೆದ."

"ವಾರ ಇಡೀ ಹೊಡೆದ್ರೆ ಕೆಂಪಾಗದೆ ಹಸಿರಾಗುತ್ತಾ? ಪಾಯಸ ಸಾಕು ಅನ್ನಿ. ನೀರು ಜಾಸ್ತಿ ಕುಡೀಲಿ."

ಪಾಯಸವನ್ನೂ ಹೊಡೆಯುತ್ತಾರೆ, ಕಳೆಮದ್ದನ್ನೂ ಹೊಡೆಯುತ್ತಾರೆ. ಹೇಳಿದವಳಿಗೆ ಒಂದು, ಕೇಳಿದವಳಿಗೆ ಇನ್ನೊಂದು. ವಾಂತಿ ಮಾತ್ರೆ ತಗೊಂಡು ವಾಪಸು ಬಂದರು. ಪಾಪ ನೀರು ಜಾಸ್ತಿ ಕುಡಿದ. ತೋಡಿನದೇ.

ಮುಖ ಊದಿತು. ಉಚ್ಚೆ ನಿಂತೇಹೋಯಿತು. ಮುದ್ದಿ ಕಣಕ್ಕೆ ಓಡಿದಳು.

"ರೈಟ್ರೇ, ಜೀಪು ಬೇಕು."

"ಜೀಪು ಗೊಬ್ಬರ ತರೋಕೆ ಹೋಗ್ಬೇಕು. ಪಾಯಸ ತಿಂದು ಉಚ್ಚೆ ಬಣ್ಣ ಆದ್ರೆ ಅದಕ್ಕೂ ಜೀಪಾ?"

"ಸಾವ್ಕಾರ್ರೂ ಅದೇ ಪಾಯಸ ತಿಂದ್ರಲ್ಲ. ಅವರದ್ದು ಯಾವ ಬಣ್ಣ, ಹೋಗಿ ಕೇಳಿ ಬನ್ನಿ!"

ಜೀಪಿನ ಮುಂದೆ ಕೆಸರಲ್ಲೇ ಕೂತಳು. ಕಳೆ ಕೀಳುತ್ತಿದ್ದ ಹೆಂಗಸರೂ ಕತ್ತಿ ಹಿಡಿದುಕೊಂಡೇ ಬಂದು ಸುತ್ತ ನಿಂತರು. ಡ್ರೈವರ್ ಆನಂದ್ ರೈಟರ ಮುಖ ನೋಡದೆ ಕೀಲಿ ತಿರುಗಿಸಿದ. ಮೊಣ್ಣಪ್ಪ 'ಕೊಟ್ಟ' ಜೀಪು ಇದು.

ದೊಡ್ಡಾಸ್ಪತ್ರೆಯ ಡಾಕ್ಟರು ಕೇಳಿದ್ದು ಒಂದೇ: "ಯಾವ ಮದ್ದು?"

"ಕಳೆಗೆ ಹೊಡೆಯೋದು."

"ಹೆಸರು ಬೇಕಮ್ಮ. ಡಬ್ಬ ಇದೆಯಾ?"

ಆನಂದ್ ಫೋನು ಮಾಡಿದರೆ ಮೊಣ್ಣಪ್ಪ, "ಖಾಲಿ ಡಬ್ಬ ಯಾರು ಇಟ್ಟುಕೊಳ್ತಾರೆ?" ಎಂದ.

ಮುದ್ದಿ ಇಟ್ಟುಕೊಂಡಿದ್ದಳು. ಗಟ್ಟಿ ಡಬ್ಬ ಎಂದು ಅವನ ಹತ್ತಿರವೇ ಬೇಡಿ ತಂದು, ಬೂದಿ ಹಾಕಿ ಉಜ್ಜಿ, ಒಲೆಯ ಪಕ್ಕ ಇಟ್ಟಿದ್ದಳು. ಆನಂದ್ ಹೋಗಿ ತಂದ. ಅರ್ಧ ಹರಿದ ಚೀಟಿಯಲ್ಲಿ ಹೆಸರು ಉಳಿದಿತ್ತು. ಡಾಕ್ಟರು ಡಬ್ಬ ಅಲ್ಲಾಡಿಸಿದರು. ಒಳಗೆ ನೀರು.

"ಇದೇನು?"

"ಕುಡಿಯೋ ನೀರು."

"ಮೊದಲೇ ಯಾಕಮ್ಮ ಬರಲಿಲ್ಲ?"

"ನಮ್ಮೂರ ಆಸ್ಪತ್ರೆಗೆ ಹೋಗಿದ್ವಲ್ಲ! ಕುರ್ಚಿ ಇತ್ತು, ಡಾಕ್ಟ್ರು ಇರ್ಲಿಲ್ಲ."

ಪಾಪ ಬದುಕಿದ್ದಾನೆ. ಕಿಡ್ನಿ ಬದುಕಲಿಲ್ಲ. ವಾರಕ್ಕೆ ಎರಡು ಸಲ ಬಸ್ಸು ಹತ್ತಿ, ಮಿಷನ್ನಿಗೆ ರಕ್ತ ಕೊಟ್ಟು ತೊಳೆಸಿಕೊಂಡು ಬರುತ್ತಾನೆ. ಜೊತೆಗೆ ಹೋದ ದಿನ ಮುದ್ದಿಗೂ ಕೂಲಿ ಇಲ್ಲ. ಅವಳು ತನ್ನ ಡಬ್ಬವನ್ನು ಕತ್ತಿಯಿಂದ ಸೀಳಿ ಹಾಕಿದ್ದಾಳೆ. ಪಕ್ಕದ ಮನೆಗಳಲ್ಲಿ ಅಂಥವು ಇನ್ನೂ ಇವೆ, ಯಾಕೆಂದರೆ ನಲ್ಲಿಗೆ ಇನ್ನೂ ನೀರು ಬಂದಿಲ್ಲ. ಕುರ್ಚಿಯ ಮೇಲೆ ಇನ್ನೂ ಪೋಲಿಯೊ ಡಬ್ಬವೇ ಇದೆ.

ತೋಟ ಇರುವವರೇ, ಬರುವ ಕಕ್ಕಡ ಹದಿನೆಂಟಕ್ಕೆ ನಿಮ್ಮ ಮನೆಯಲ್ಲೂ ಪಾಯಸ ಕುದಿಯುತ್ತದೆ. ಒಲೆ ಹಚ್ಚುವ ಮೊದಲು ನಿಮ್ಮ ತೋಟದ ಲೈನಿಗೆ ಹೋಗಿ, ನೀರು ತುಂಬಿಟ್ಟ ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡಿ. ಆ ನೀರಿನಲ್ಲಿ ನಿಮ್ಮ ಮಕ್ಕಳಿಗೆ ಪಾಯಸ ಮಾಡಿ ಬಡಿಸುವ ಧೈರ್ಯ ಇಲ್ಲವಾದರೆ, ಅಲ್ಲಿಗೆ ಮೊದಲು ಕುಡಿಯುವ ನೀರು ಹಾಯಿಸಿ. ಪಾಯಸ ಆಮೇಲೆ ಹೊಡೆಯಿರಿ.