ವಿಮಾನದಿಂದ ಕೈಗೆ ಹತ್ತಿದ ವಾಸನೆ

ದೆವ್ವ ಕಂಡೆ, ಶಕುನ ಆಯಿತು ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೊದಲಿಂದಲೂ ಹೇಸಿಗೆ. ಕ್ಯಾಂಟೀನಿನಲ್ಲಿ ಅಂಥ ಮಾತು ಬಂದರೆ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ, ನಾನೇ ಪೂರ್ತಿ ನಂಬಿಲ್ಲ.

ಎಂಬತ್ತರ ದಶಕದ ಶುರುವಿನ ಮಾತು. ಚಿತ್ರದುರ್ಗದ ಕಡೆಯಿಂದ ಬಂದು ಕೆ.ಜಿ.ಎಫ್‌ನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಮದುವೆಯಾಗಿರಲಿಲ್ಲ. ನನಗಿದ್ದ ಹುಚ್ಚು ಎಂದರೆ ಒಂದು ಹಳೇ ಬುಲೆಟ್ಟು ಮತ್ತು ಯುದ್ಧ ಮುಗಿಸಿ ಮೂಲೆ ಸೇರಿದ ವಿಮಾನಗಳು. ಯಾವ ಮ್ಯೂಸಿಯಂನಲ್ಲಿ ಅಂಥದ್ದನ್ನು ನಿಲ್ಲಿಸಿದ್ದಾರೆಂದು ಗೊತ್ತಾದರೂ ಭಾನುವಾರ ಗಾಡಿ ಹೊರಡುತ್ತಿತ್ತು. ಹಿಂದೆ ಕೂರುವವನು ಮುನಿರಾಜು. ನಮ್ಮಲ್ಲೇ ಹಂಗಾಮಿ ಹೆಲ್ಪರ್, ಕೆ.ಜಿ.ಎಫ್‌ನದೇ ಕೋರಮಂಡಲ್ ಎಂಬ ಕಾಲೊನಿಯ ಗಣಿ ಕಾರ್ಮಿಕರೊಬ್ಬರ ಮಗ. ರೆಕ್ಕೆ ಕಂಡರೆ ಸಾಕು, ನನಗಿಂತ ಮೊದಲು ಅವನೇ ಓಡುತ್ತಿದ್ದ.

ನಾನು ಹೇಳಹೊರಟ ಭಾನುವಾರದ ಮರುದಿನ ಅವನು ಮೊದಲ ಸಲ ಗಣಿಗೆ ಇಳಿಯಬೇಕಿತ್ತು. ಅಪ್ಪ ನಾರಾಯಣಪ್ಪನವರ ಎದೆಯಲ್ಲಿ ಕಲ್ಲಿನ ಧೂಳು ಕೂತು ಅವರನ್ನು ಅನ್‌ಫಿಟ್ ಮಾಡಿದ್ದರು. ಅಪ್ಪನ ಜಾಗ ಮಗನಿಗೆ ಸಿಗುವುದು ಅಲ್ಲಿನ ಪದ್ಧತಿ. ಆದರೆ ಹೇಳಿದ ದಿನ ಹಾಜರಾಗದಿದ್ದರೆ ಅದು ಇನ್ನೊಬ್ಬರ ಮಗನ ಪಾಲಾಗುತ್ತಿತ್ತು. ಕೆಲಸ ಹೋದರೆ ಗಣಿಯವರು ಕೊಟ್ಟ ಲೈನ್ ಮನೆಯನ್ನೂ ಬಿಡಬೇಕು. ಮುನಿರಾಜು ಹೊಸ ಬೂಟು ತಂದಿಟ್ಟುಕೊಂಡಿದ್ದ. ಇನ್ನು ಭಾನುವಾರ ಸಿಗುತ್ತೋ ಇಲ್ಲವೋ, ಒಂದು ಸುತ್ತು ಹೋಗಿಬರೋಣ ಸಾರ್ ಎಂದ.

ಬೆಂಗಳೂರಿಗೆ ಹೋದೆವು. ಮ್ಯೂಸಿಯಂ ಅಂಗಳದಲ್ಲಿ ನಿಂತಿದ್ದ ಯುದ್ಧವಿಮಾನ ನೋಡಿ ಮೈ ಉರಿಯಿತು. ಚಕ್ರದ ತುಂಬ ಎಲೆಅಡಿಕೆ ಉಗುಳು. ಹೊಟ್ಟೆಯ ಮೇಲೆ ಮೊಳೆಯಲ್ಲಿ ಗೀಚಿದ ಹುಡುಗ ಹುಡುಗಿಯರ ಹೆಸರು. ರೆಕ್ಕೆಯ ನೆರಳಲ್ಲಿ ಪಂಚೆ ಎತ್ತಿಕೊಂಡು ಒಬ್ಬ ಮಹಾಶಯ ಉಚ್ಚೆ ಹೊಯ್ಯುತ್ತಿದ್ದ. ಅವನನ್ನು ಬೈದು ಓಡಿಸಿದೆ. ನಮ್ಮ ಜನಕ್ಕೆ ಯಾವುದನ್ನು ಕೊಟ್ಟರೂ ಇಷ್ಟೇ ಎಂದು ಮುನಿರಾಜು ಮುಂದೆ ಕೂಗಾಡಿದೆ.

ಅವತ್ತು ಪೈಲಟ್ ಕೂರುವ ಜಾಗದ ಗಾಜಿನ ಮುಚ್ಚಳ ತೆಗೆದು ಒಬ್ಬ ಕೆಲಸದವನು ಒಳಗೆ ಒರೆಸುತ್ತಿದ್ದ. ದೂರದಿಂದ ಬಂದಿದ್ದೇವೆ ಎಂದದ್ದಕ್ಕೆ ಏಣಿ ಬಿಟ್ಟುಕೊಟ್ಟ. ನಾನು ಹತ್ತಿ, ತಲೆ ಒಳಗೆ ಹಾಕಿ, ಪೈಲಟ್ ಹಿಡಿಯುವ ಕೋಲನ್ನು ಬಲಗೈಯಲ್ಲಿ ಹಿಡಿದೆ. ಧೂಳು, ಹಳೇ ಎಣ್ಣೆ ಇಷ್ಟರ ವಾಸನೆ ಇರುತ್ತದೆ ಎಂದುಕೊಂಡಿದ್ದೆ. ಮೂಗಿಗೆ ಬಡಿದದ್ದೇ ಬೇರೆ. ಒದ್ದೆಯಾಗಿ ಕೊಳೆತ ಮರ, ಸಿಡಿಮದ್ದಿನ ಹೊಗೆ, ಬೆವರು, ಮಲ, ಅದೆಲ್ಲದರ ಮೇಲೆ ಏನೋ ಒಂದು ಕೊಳೆತ ಸಿಹಿ. ಇಳಿದವನೇ ಚಕ್ರದ ಪಕ್ಕ ಕೂತು ವಾಂತಿ ಮಾಡಿದೆ. ಈಗಷ್ಟೇ ಒಬ್ಬನನ್ನು ಬೈದು ಓಡಿಸಿದ ಅದೇ ಜಾಗದಲ್ಲಿ.

ಮುನಿರಾಜು ಹತ್ತಿ ನೋಡಿದ. ಅವನಿಗೆ ಏನೂ ಇಲ್ಲ. ಕೆಲಸದವನಿಗೂ ಇಲ್ಲ. ಬಿಸಿಲು ಹೊಡೆದಿದೆ ಎಂದರು.

ವಾಸನೆ ನನ್ನ ಬಲಗೈಗೆ ಹತ್ತಿಕೊಂಡಿತ್ತು. ಹೊಸಕೋಟೆ ದಾಟಿದರೂ, ಕೋಲಾರ ದಾಟಿದರೂ ಹೋಗಲಿಲ್ಲ. ಬಂಗಾರಪೇಟೆಯಲ್ಲಿ ನಿಲ್ಲಿಸಿ ಮಣ್ಣು ಹಾಕಿ ಉಜ್ಜಿದೆ, ಹೋಟೆಲಿನವನ ಹತ್ತಿರ ಹುಣಸೆಹಣ್ಣು ಕೇಳಿ ತಿಕ್ಕಿದೆ, ಗಾಡಿಯಿಂದ ಪೆಟ್ರೋಲ್ ತೆಗೆದು ತೊಳೆದೆ. ಕುಡಿದ ಟೀಗೂ ಅದೇ ವಾಸನೆ. ಆ ಕೈ ನನ್ನದೆನ್ನಲು ಅಸಹ್ಯವಾಗುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮುನಿರಾಜುವನ್ನು ಮನೆ ಮುಂದೆ ಇಳಿಸಿದೆ. ನಾರಾಯಣಪ್ಪನವರು ಹೊರಗೆ ಕೂತು ಕೆಮ್ಮುತ್ತಿದ್ದರು. ನಾವಿನ್ನೂ ಬಾಯಿ ಬಿಟ್ಟಿರಲಿಲ್ಲ. ಅವರ ಕೆಮ್ಮು ನಿಂತಿತು. ಎದ್ದು ಬಂದು ನನ್ನ ಬಲಗೈ ಹಿಡಿದು ಮೂಸಿದರು.

"ಸಾರ್, ನೀವು ಯಾವಾಗ ಒಳಕ್ಕೆ ಇಳಿದ್ರಿ?" ಎಂದರು.

ನಾನು ಗಣಿಯ ಬಾಗಿಲನ್ನೂ ಹತ್ತಿರದಿಂದ ನೋಡಿರಲಿಲ್ಲ. ಹಾಗೆಂದೆ.

"ಬಂಡೆ ಸಿಡಿದು ನಮ್ಮಣ್ಣ ಸಿಕ್ಕಾಕ್ಕೊಂಡ್ನಲ್ಲ, ಆ ಜಾಗದ ವಾಸ್ನೆ ಇದು. ನಾನೇ ತೋಡಿ ಅವನ ಹೆಣ ತೆಗೆದಿದ್ದು. ಸಾಯೋಗಂಟ ಮರೆಯಾಕಾಗಲ್ಲ." ಆಮೇಲೆ ಮಗನ ಕಡೆ ತಿರುಗಿದರು. "ನಾಳೆ ನೀನು ಓಗ್‌ಬ್ಯಾಡ ಕಣ್ಲಾ."

ಮುನಿರಾಜುವಿನ ತಾಯಿಯೂ ಬಂದು ನನ್ನ ಕೈ ಮೂಸಿದರು. ಪೆಟ್ರೋಲ್ ವಾಸನೆ ಬಿಟ್ಟರೆ ಏನೂ ಇಲ್ಲ ಎಂದರು. ಮುನಿರಾಜು ನನ್ನ ಹತ್ತಿರ ಬಂದು ನಿಂತ.

"ಅಪ್ಪಂಗೆ ಯೇಳಿ ಸಾರ್, ಏನೂ ಇಲ್ಲ ಅಂತ. ನೀವು ಯೇಳಿದ್ರೆ ಕೇಳ್ತಾನೆ."

ಒಂದು ಮಾತು. ಅವನಿಗೆ ಬೇಕಿದ್ದದ್ದು ಅಷ್ಟೇ. ನಾನು ವಿಜ್ಞಾನ ಓದಿದವನು, ದೆವ್ವದ ಮಾತು ಬಂದರೆ ತಟ್ಟೆ ಎತ್ತಿಕೊಂಡು ಹೋಗುವವನು. ಆದರೆ ನನ್ನ ಕೈ ನಾರುತ್ತಿತ್ತು, ನಾನು ಏನು ಮಾಡಲಿ? "ಇದೆ," ಎಂದೆ.

ನಾರಾಯಣಪ್ಪನವರು ಹೊಸ ಬೂಟುಗಳನ್ನು ತಂದು, ಅವುಗಳ ಮೇಲೇ ಕೂತುಬಿಟ್ಟರು. ಗಣಿಯ ಬೆಳಗಿನ ಪಾಳಿಯ ಸೈರನ್ ಆಗುವವರೆಗೂ ಏಳಲಿಲ್ಲವಂತೆ.

ಸೋಮವಾರ ಗಣಿಯಲ್ಲಿ ಏನೂ ಆಗಲಿಲ್ಲ. ಆ ವಾರವೂ ಆಗಲಿಲ್ಲ, ಆ ವರ್ಷವೂ ಇಲ್ಲ. ಮುನಿರಾಜುವಿನ ಜಾಗಕ್ಕೆ ಹೋದವನು ಗಣಿ ಮುಚ್ಚುವವರೆಗೂ ಗಟ್ಟಿಮುಟ್ಟಾಗಿ ದುಡಿದ. ವಾಸನೆ ನನ್ನ ಕೈಯಿಂದ ಯಾವಾಗ ಹೋಯಿತೋ ಗೊತ್ತಿಲ್ಲ, ಮಂಗಳವಾರ ಇರಲಿಲ್ಲ. ನಾರಾಯಣಪ್ಪನವರು ಹೆಚ್ಚು ದಿನ ಬದುಕಲಿಲ್ಲ. ಮನೆ ಬಿಟ್ಟು ಅವರೆಲ್ಲ ಕಾಮಸಮುದ್ರದ ಕಡೆಯ ತಮ್ಮ ಹಳ್ಳಿಗೆ ಹೋದರು. ನಾನು ಬುಲೆಟ್ ಮಾರಿದೆ. ವಿಮಾನದ ಚಿತ್ರ ಕಂಡರೂ ಇವತ್ತಿಗೂ ಗಂಟಲಲ್ಲಿ ಹುಳಿ ಬರುತ್ತದೆ.

ಬಹಳ ವರ್ಷಗಳ ಮೇಲೆ ಬಂಗಾರಪೇಟೆ ಸ್ಟೇಷನ್ ಹತ್ತಿರ ಮುನಿರಾಜು ಸಿಕ್ಕ. ಹಾಲಿನ ಕ್ಯಾನುಗಳನ್ನು ಇಳಿಸುತ್ತಿದ್ದ, ಕೂದಲು ನರೆತಿತ್ತು. ಚೆನ್ನಾಗಿದ್ದೀಯಾ ಎಂದು ಕೇಳಿದೆ. ಅವನು ನನ್ನ ಬಲಗೈಯನ್ನು ಎತ್ತಿ, ಮೂಗಿಗೆ ಹಿಡಿದು, ನಿಧಾನವಾಗಿ ಮೂಸಿದ.

"ಏನೂ ಇಲ್ಲ. ಅವತ್ತೂ ಇಷ್ಟೇ ಇತ್ತು ಸಾರ್," ಎಂದು ಕೈ ಬಿಟ್ಟು ಕ್ಯಾನುಗಳ ಕಡೆ ಹೋದ.