ಬೈಸಿದ ಟೀಚರ್

ಬೇಕರಿಯ ಹಳೇ ಟ್ರೇ ಒಂದನ್ನು ತಂಗಿ ಮೊನ್ನೆ ಮನೆಗೆ ತಂದಳು. ಅದರ ಮೇಲಿನ ಆರು ಕೆಂಪು ಸುತ್ತು ಅರ್ಧ ಅಳಿಸಿವೆ, ಬನ್ನಿನ ವಾಸನೆ ಮಾತ್ರ ಹೋಗಿಲ್ಲ. ಆ ಸುತ್ತು ಬರೆದವರು ಟೀಚರ್...

ತಂಗಿಗೆ ಓದು, ಲೆಕ್ಕ ತಲೆಗೆ ಹತ್ತಲಿಲ್ಲ. ಹಳೇಕೋಟೆಯ ನಮ್ಮ ನೆಂಟರೆಲ್ಲ ಅವಳನ್ನು ‘ಪಾಪದ್ದು’ ಎಂದೇ ಕರೆಯುತ್ತಿದ್ದರು. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಳೆನರಸೀಪುರದ ವಿಶೇಷ ಶಾಲೆಯಲ್ಲಿ ಅವಳಿಗೆ ಕಲಿಸಿದ ಟೀಚರ್, ಹದಿನೆಂಟು ತುಂಬಿದ ಮೇಲೆ ಮನೆಯಲ್ಲಿ ಕೂರಿಸಲು ಬಿಡಲಿಲ್ಲ. ಪೇಟೆಯ ಬೇಕರಿಯವರ ಬೆನ್ನು ಹತ್ತಿ, ಬನ್ನು ಕವರಿಗೆ ತುಂಬುವ ಕೆಲಸ ಕೊಡಿಸಿದರು. ಎಣಿಸಲು ಬಾರದವಳಿಗೆ ಟ್ರೇ ಮೇಲೆ ಆರು ಸುತ್ತು ಬರೆದುಕೊಟ್ಟರು. ಸುತ್ತೆಲ್ಲ ತುಂಬಿದರೆ ಒಂದು ಕವರು. ತಿಂಗಳಿಡೀ ಅವಳ ಜೊತೆ ಬಸ್ಸಿನಲ್ಲಿ ಓಡಾಡಿದರು.

ಆಮೇಲೆ ಗೊತ್ತಾಯಿತು. ತಂಗಿ ತಳ ಸೀದ ಬನ್ನನ್ನೂ ತುಂಬುತ್ತಿದ್ದಳು. ಅವಳು ಮನೆಗೆ ಹೊರಟ ಮೇಲೆ ಬೇಕರಿಯವರು ಕವರೆಲ್ಲ ಬಿಚ್ಚಿ ಮತ್ತೆ ತುಂಬುತ್ತಿದ್ದರಂತೆ. ಎಂಥ ದೊಡ್ಡ ಮನಸ್ಸು ಎಂದು ನಾವು ಕೈ ಮುಗಿದೆವು. ಟೀಚರ್ ಕೈ ಮುಗಿಯಲಿಲ್ಲ, ಬೇಕರಿಯವರನ್ನೇ ಕೇಳಿದರು.

“ಬೇರೆ ಕೆಲಸದೋರು ತಪ್ಪು ಮಾಡಿದ್ರೆ ಬೈತೀರಿ ತಾನೆ ಸ್ವಾಮಿ? ಇವ್ಳಿಗೂ ಬೈಯಿರಿ. ಬೈದೇ ಇದ್ರೆ ಇವ್ಳು ಕಲಿಯೋದು ಯಾವಾಗ?”

ಮಾರನೇ ದಿನ ಬೇಕರಿಯವರು ಬೈದೇಬಿಟ್ಟರು. ತಂಗಿ ಅತ್ತುಕೊಂಡು ಬಂದಳು. ಇನ್ನು ಕಳಿಸುವುದಿಲ್ಲ ಎಂದು ಅವ್ವ ಹಟ ಹಿಡಿದಳು. ನಾನೂ ಅವ್ವನ ಕಡೆಯೇ... ಬೆಳಗ್ಗೆ ಬಾಗಿಲಲ್ಲಿ ಟೀಚರ್ ನಿಂತಿದ್ದರು. ಅವ್ವ ಬಾಯಿಗೆ ಬಂದಂತೆ ಅಂದಳು. ಮಕ್ಕಳಿಲ್ಲದವಳಿಗೆ ಹೆತ್ತ ಕರುಳೇನು ಗೊತ್ತು ಎಂದೂ ಅಂದುಬಿಟ್ಟಳು. ಟೀಚರ್ ಕದಲಲಿಲ್ಲ.

“ಅವ್ಳನ್ನೇ ಕೇಳಿ ಕಣಮ್ಮ,” ಅಂದರು.

ತಂಗಿ ಆಗಲೇ ತಲೆ ಬಾಚಿಕೊಂಡು, ಚೀಲ ಹೆಗಲಿಗೆ ಹಾಕಿ ನಿಂತಿದ್ದಳು. “ಸೀದಿದ್ದು ಆಕ್ಬಾರ್ದು. ಬಸ್ಸು ಓಯ್ತದೆ ನಡೀರಿ,” ಅಂದಳು.

ಒಂಬತ್ತು ವರ್ಷವಾಯಿತು. ಈಗ ಅವಳ ಕೈಗೆ ಸುತ್ತು ಬೇಕಿಲ್ಲ, ಅದಕ್ಕೇ ಟ್ರೇ ಮನೆಗೆ ಬಂದಿದ್ದು. ಟೀಚರ್ ಹೋದ ವರ್ಷ ತೀರಿಕೊಂಡರು. ಅಂದು ಆಡಿದ ಮಾತಿಗೆ ಅವ್ವ ತಪ್ಪಾಯಿತು ಎನ್ನಲೇ ಇಲ್ಲ. ನಾನೂ ಅನ್ನಲಿಲ್ಲ. ಆ ಕೊರಗು ಹೋಗುವಂಥದ್ದಲ್ಲ.

ನೆಂಟರು ಇವತ್ತಿಗೂ ಪಾಪ ಅನ್ನುತ್ತಾರೆ. ಅಂದುಕೊಳ್ಳಲಿ. ನಿನ್ನೆ ಬೇಕರಿಯಲ್ಲಿ ನಾನೇ ಒಂದು ಬನ್ನು ಎತ್ತಿ ಕವರಿಗೆ ಹಾಕಲು ಹೋದೆ. ತಂಗಿ ಕಿತ್ತುಕೊಂಡು ತಿರುಗಿಸಿ, ಸೀದ ತಳ ತೋರಿಸಿದಳು.

“ಕಣ್ಣು ಕಾಣಕಿಲ್ವಾ ಅಕ್ಕ?”

ಗಿರಾಕಿಗಳೆಲ್ಲ ತಿರುಗಿ ನೋಡಿದರು. ನಾನು ತಲೆಯೆತ್ತಿಕೊಂಡೇ ಬೈಸಿಕೊಂಡೆ. ಟೀಚರ್ ಕೇಳಿಸಿಕೊಳ್ಳಬೇಕಿತ್ತು.